ಹೂಂ ಅಂದವರು

ಕಲ್ಲವ್ವಜ್ಜಿಯ ಕಥೆ ಮುಂದೆ ಹೋಗಬೇಕಾದರೆ ಕೇಳುವವರು ಹೂಂ ಅನ್ನಬೇಕು. ಅನ್ನದಿದ್ದರೆ ಕುದುರೆಯ ಮೇಲೆ ಒಂದು ಕಾಲು ಹಾಕಿದ ರಾಜಕುಮಾರ ಹಾಗೇ ನಿಂತಿರುತ್ತಾನೆ, ಹುಲಿ ತೆರೆದ ಬಾಯಿ ತೆರೆದೇ ಇರುತ್ತದೆ. ಮೊಮ್ಮಗಳು ಶಾಕಾಂಬರಿ ಚಿಕ್ಕವಳಿದ್ದಾಗ ಒಮ್ಮೆ ಹಟಕ್ಕೆ ಬಿದ್ದು ಮೂರು ದಿನ ಹೂಂ ಅಂದಿರಲಿಲ್ಲ. ಮೂರು ದಿನವೂ ಬಾವಿ ನುಂಗಿದ ಸೊಸೆಯ ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಲೇ ಇತ್ತು. ನಾಲ್ಕನೆಯ ದಿನ ಅವಳಿಗೇ ಆ ಸೊಸೆಯ ಮೇಲೆ ಕನಿಕರ ಹುಟ್ಟಿ ಹೂಂ ಅಂದಳು.

ದೊಡ್ಡವಳಾದ ಮೇಲೆ ಶಾಕಾ ಅದೇ ಹೂಂ ಮೇಲೆ ಒಂದು ಜಾಲತಾಣ ಕಟ್ಟಿದಳು. ಅಜ್ಜಿಯ ಅರವತ್ತೊಂದು ಕಥೆಗಳನ್ನು ಅಜ್ಜಿಯ ದನಿಯಲ್ಲೇ ಹಿಡಿದು ಅಲ್ಲಿಟ್ಟಳು. ಎಲ್ಲರಿಗೂ ಮೆಚ್ಚುಗೆಯಾದದ್ದು ಸೀರೆ ಉಟ್ಟು ಸಂತೆಗೆ ಹೋಗುವ ಹುಲಿಯ ಕಥೆ. ತಾಣದ ವಿಶೇಷ ಇಷ್ಟೇ: ಪ್ರತಿ ನಾಲ್ಕು ಮಾತಿಗೊಮ್ಮೆ ಕಥೆ ನಿಲ್ಲುತ್ತದೆ, ಕೇಳುವವರು ಹೂಂ ಅಂದರೆ ಮಾತ್ರ ಮುಂದುವರಿಯುತ್ತದೆ. ಅದಕ್ಕಾಗಿ ಕೇಳುವವರ ಫೋನಿನ ಮೈಕು ತೆರೆದೇ ಇರಬೇಕು. ಕೇಳುಗರು ಬಹಳವಿಲ್ಲ, ನಾಲ್ಕು ಸಾವಿರದ ಆಸುಪಾಸು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರು, ಬಾಣಂತಿಯರು, ಮುದುಕರು. ಹೆಚ್ಚಿನವರು ಫೋನನ್ನು ದಿಂಬಿನ ಕೆಳಗೋ ಮಡಿಲಲ್ಲೋ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಥೆ ನೋಡುವಂಥದ್ದಲ್ಲವಲ್ಲ.

ಬೆಟಗೇರಿಯ ಆ ಓಣಿಯಲ್ಲಿ ಕೇಳುವುದಕ್ಕೆ ಇನ್ನೊಂದು ವಸ್ತುವೂ ಬೇಕಿತ್ತು. ಬೆಳಗಿನಿಂದ ಸಂಜೆಯವರೆಗೆ ಬಡಿಯುವ ವಿದ್ಯುತ್ ಮಗ್ಗಗಳು ಅಲ್ಲಿನ ಅರ್ಧ ಜನರ ಕಿವಿಯನ್ನು ತಿಂದು ಹಾಕಿದ್ದವು. ಶಾಕಾಳ ಕಿವಿ ಹನ್ನೆರಡನೆಯ ವಯಸ್ಸಿಗೇ ಹೋಯಿತು. ಅಂಥವರೆಲ್ಲ ಕಿವಿಯ ಹಿಂದಿನ ಎಲುಬಿಗೆ ಅವರೆಕಾಳಿನಷ್ಟು ದೊಡ್ಡ ಕಿವಿಮಣಿ ಕೂಡಿಸಿಕೊಂಡಿದ್ದರು. ಅದು ದನಿಯನ್ನು ಹಿಡಿಯುತ್ತದೆ, ಯಾರದೆಂದು ಗುರುತಿಸುತ್ತದೆ, ಆಮೇಲೆ ನರಕ್ಕೆ ದಾಟಿಸುತ್ತದೆ.

ಗುರುತಿಸುವುದು ಕಾಯ್ದೆ. ಸತ್ತ ಗಂಡನ ದನಿಯಲ್ಲಿ, ದೂರದ ಮಗಳ ದನಿಯಲ್ಲಿ ಯಂತ್ರಗಳು ಮಾತಾಡಿ ಜನರನ್ನು ಸುಲಿಯತೊಡಗಿದ ಮೇಲೆ ಸರ್ಕಾರ ಆ ಕಾಯ್ದೆ ತಂದಿತ್ತು: ಒಂದು ದನಿಗೆ ಒಬ್ಬನೇ ಒಡೆಯ. ಒಡೆಯನಲ್ಲದವನ ಬಾಯಿಂದ ಆ ದನಿ ಹೊರಟರೆ ಅದು ನಕಲಿ. ನಕಲಿ ದನಿಯನ್ನು ಫೋನೂ ದಾಟಿಸುವಂತಿಲ್ಲ, ಕಿವಿಮಣಿಯೂ ದಾಟಿಸುವಂತಿಲ್ಲ. ಈ ಪರೀಕ್ಷೆ ಇಲ್ಲದ ಮಣಿಯನ್ನು ಯಾರೂ ಮಾಡುವಂತಿಲ್ಲ, ಮಾರುವಂತಿಲ್ಲ.

ತಾಯಿ ಇಲ್ಲದ ಶಾಕಾ ಅಜ್ಜಿಯೊಬ್ಬಳ ಜೊತೆಗೇ ಬೆಳೆದವಳು. ಅಜ್ಜಿಯ ಕಿವಿ ಚುರುಕು, ಮಣಿ ಬೇಕಿರಲಿಲ್ಲ; ಕಣ್ಣು ಮಂಜು. ಬೆಳಕಿಗೂ ಕತ್ತಲಿಗೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು, ಅಷ್ಟೇ. ಅವರಿಬ್ಬರ ನಡುವೆ ಇದ್ದದ್ದೆಲ್ಲ ದನಿ.

ತಾಣವೇನೋ ನಡೆಯಿತು, ಆದಾಯ ನಡೆಯಲಿಲ್ಲ. ತಾಣದ ನೆತ್ತಿಯ ಮೇಲೊಂದು ಜಾಹೀರಾತು ಪಟ್ಟಿ ಇತ್ತು. ಉಬ್ಬಸದ ಔಷಧ, ಹಪ್ಪಳ, ಲಗ್ನಕ್ಕೆ ಬಾಡಿಗೆಗೆ ಸಿಗುವ ಮಂಟಪ. ನೋಡಿದವರ ಲೆಕ್ಕದಲ್ಲಿ ಹಣ. ಕಣ್ಣು ಮುಚ್ಚಿ ಕೇಳುವವರು ನೋಡುವುದೇನು?

"ಅಲ್ಲವಾ ಶಾಕಾ, ನನ್ನ ಅರವತ್ತೊಂದು ಕಥಿ ಕೂಡಿ ತಿಂಗಳಿಗೆ ಒಂದು ಕವಳಿ ವೀಳ್ಯದೆಲಿ ದುಡೀಲಿಲ್ಲೇನ?" ಎಂದು ಅಜ್ಜಿ ನಗುತ್ತಿದ್ದಳು. "ನನ್ನ ಹುಲಿಗೆ ಒಂದು ಸೀರಿ ಅಂಗಡಿ ಜಾಹೀರಾತರ ಕಟ್ಟು. ಸೀರಿ ಉಟ್ಟ ಹುಲಿ, ಛಲೋ ಒಪ್ತೈತಿ."

ಆಗ ಹೊಸ ಬಗೆಯ ಜಾಹೀರಾತು ಪಟ್ಟಿಯೊಂದು ಬಂತು. ಈ ಪಟ್ಟಿಯಲ್ಲಿ ನೋಡಿದ್ದಕ್ಕೆ ಕಾಸಿಲ್ಲ, ಒಪ್ಪಿದ್ದಕ್ಕೆ ಕಾಸು. ಪಟ್ಟಿಯ ಮೇಲೆ ಸದ್ದಿಲ್ಲದೆ ಒಂದು ಪ್ರಶ್ನೆ ಮೂಡುತ್ತದೆ. ಆರು ಸೆಕೆಂಡಿನೊಳಗೆ ನೋಡುಗರು ಬಾಯಲ್ಲಿ ಒಪ್ಪಿಗೆಯ ಮಾತಾಡಿದರೆ ತಾಣದ ಒಡತಿಗೆ ಹಣ ಸಲ್ಲುತ್ತದೆ. ಮೊದಲು ಹುಲಿಯ ಕಥೆಯೊಂದಕ್ಕೆ ಅದನ್ನು ಕಟ್ಟಿ ನೋಡಲು ಶಾಕಾ ತುಂಬಿದ ಅರ್ಜಿಯಲ್ಲಿ ಅವಳಿಗೆ ಇಷ್ಟವಾದ ಒಂದು ಅಂಕಣವಿತ್ತು: ನಿಮ್ಮ ಭಾಷೆಯಲ್ಲಿ ಒಪ್ಪಿಗೆ ಸೂಚಿಸುವ ಎಲ್ಲ ಪದಗಳನ್ನು ಬರೆಯಿರಿ. ಮಾತುಗಳೆಂದರೆ ಅವಳಿಗೆ ಗೋಲಿಗಳಿದ್ದಂತೆ. ಹೌದು, ಆತು, ಆಗಲಿ, ಸರಿ, ಅಡ್ಡಿಯಿಲ್ಲ ಎಂದು ಒಂದೊಂದಾಗಿ ಉರುಳಿಸಿದಳು. ಕೊನೆಗೆ ನೆನಪಾಗಿ ಇನ್ನೊಂದನ್ನು ಸೇರಿಸಿದಳು: ಹೂಂ.

*

ಮೂರು ವಾರದ ಮೇಲೆ ಹುಬ್ಬಳ್ಳಿಯಿಂದ ಫೋನು ಬಂತು. ಮಾತಾಡಿದವನು ಸಮರ್ಥ ಹೊಂಬಳ, ಜಾಹೀರಾತು ಕಂಪನಿಯ ಅನುಮತಿ ಕೊಠಡಿಯಲ್ಲಿ ಕೆಲಸ.

"ಮೇಡಮ್, ನೀವೇನರ ಮಾಟಾ ಮಾಡೀರೇನು? ಒಮ್ಮಿ ಬಂದು ನೋಡ್ರಿ. ನಮ್ಮ ಮಂದಿ ನಿಮ್ಮನ್ನ ನೋಡಬೇಕಂತಾರ."

ಕೊಠಡಿ ತಣ್ಣಗಿತ್ತು. ಒಂದು ಗೋಡೆಯ ತುಂಬ ನಾಡಿನ ನಕಾಶೆ, ಅದರ ಮೇಲೆ ಹಸಿರು ಚುಕ್ಕಿಗಳು. ಎಲ್ಲೋ ಯಾರೋ ಒಪ್ಪಿಗೆ ಕೊಟ್ಟರೆ ಒಂದು ಚುಕ್ಕಿ ಹೊತ್ತುತ್ತದೆ. ಬೇರೆ ತಾಣಗಳ ನಕಾಶೆ ಅಮಾವಾಸ್ಯೆಯ ಹಾಗಿತ್ತು. ಸಮರ್ಥ ಶಾಕಾಳ ತಾಣವನ್ನು ತೆರೆದ. ಗದಗ, ರೋಣ, ಗಜೇಂದ್ರಗಡ, ಇಳಕಲ್ಲು, ಗುಳೇದಗುಡ್ಡ, ಎಲ್ಲ ಒಮ್ಮೆಗೇ ಹೊತ್ತಿಕೊಂಡವು.

"ಉಳಿದ ಕಡೆ ಸಾವಿರಕ್ಕ ಇಬ್ರು ಒಪ್ತಾರ್ರಿ. ನಿಮ್ಮಲ್ಲಿ ನೂರಕ್ಕ ತೊಂಬತ್ತೊಂದು! ಹತ್ತು ವರ್ಷದ ನೌಕರಿಯಾಗ ಇಂಥಾದ್ದು ನಾ ನೋಡಿಲ್ಲ. ನಿಮ್ಮ ಅಜ್ಜಿ ದನಿಯೊಳಗ ಏನೈತೋ ಏನೋ."

"ಏನ್ ಜಾಹೀರಾತು ಅದು?" ಶಾಕಾ ಕೇಳಿದಳು.

"ಕಂಠದಾನ ಅಂತ ರೀ. ಬಸ್ಸಿನ್ಯಾಗ, ಲಿಫ್ಟಿನ್ಯಾಗ, ಮಕ್ಕಳ ಆಟಿಗಿ ಒಳಗ ಮಾತಾಡಾಕ ಕಂಪನಿಗೆ ಖರೇ ಮನಷ್ಯಾರ ದನಿ ಬೇಕು. ಮಷೀನ್ ದನಿ ಕೇಳಿ ಕೇಳಿ ಮಂದಿಗೆ ಬ್ಯಾಸರ ಆಗೇತಿ. ಅದರಾಗೂ ಹಳ್ಳಿ ದನಿ, ವಯಸ್ಸಾದ ದನಿ ಅಂದ್ರ ಭಾಳ ಬೇಡಿಕಿ."

ದನಿ ಕೊಡುವುದೆಂದರೆ ಹಾಡು ಕೊಟ್ಟಂತೆ, ಕೊಟ್ಟರೂ ತನ್ನಲ್ಲಿ ಉಳಿಯುತ್ತದೆ ಎಂದು ಶಾಕಾ ಅಂದುಕೊಂಡಳು. ಕೊಟ್ಟ ದನಿಗೆ ಆಮೇಲೆ ಒಡೆಯ ಯಾರು ಎಂಬ ಪ್ರಶ್ನೆ ನಾಲಿಗೆಯ ತನಕ ಬಂದಿತ್ತು. ಅಷ್ಟರಲ್ಲಿ ಇಳಕಲ್ಲಿನ ಬಳಿ ಒಂದು ಚುಕ್ಕಿ ಹೊತ್ತಿತು. ಈಗ ಅಲ್ಲಿ ಯಾವುದೋ ಮನೆಯ ತೊಟ್ಟಿಲ ಪಕ್ಕ ಹುಲಿ ಸೀರೆಯ ನೆರಿಗೆ ಹಿಡಿಯುತ್ತಿರಬೇಕು. ಅವಳ ಮನಸ್ಸು ಆ ಮನೆಗೆ ಹೋಗಿಬಿಟ್ಟಿತು, ಪ್ರಶ್ನೆ ಹಿಂದೆ ಉಳಿಯಿತು. ಅರವತ್ತೊಂದು ಕಥೆಗೂ ಅದೇ ಪಟ್ಟಿ ಕಟ್ಟುವ ಕರಾರಿಗೆ ಸಹಿ ಹಾಕಿ ಸಂಜೆಯ ಬಸ್ಸು ಹಿಡಿದಳು.

ಅಜ್ಜಿಗೆ ಹೇಳಿದಾಗ ಅವಳು ಬಾಯಲ್ಲಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ನಾಕ ಸಾವಿರ ಮಂದಿ ನನಗ ಹೂಂ ಅಂತಾರ? ನಿಮ್ಮ ಮುತ್ಯಾ ನಲವತ್ತು ವರ್ಷ ಸಂಸಾರ ಮಾಡಿ ಒಮ್ಮೀನೂ ಅನ್ನಲಿಲ್ಲ."

*

ಎದುರು ಮನೆಯ ಹಾಲವ್ವ ಕಂಡಿಕೆ ಸುತ್ತುವವಳು. ತಾಣದಲ್ಲಿ ಮೊದಲು ಕಥೆ ಕೇಳಿದವಳೇ ಅವಳು. ಹತ್ತೊಂಬತ್ತರ ಮಗಳು ಸುನಂದಾ ಮಗ್ಗ ನಡೆಸುತ್ತಿದ್ದಳು, ಅವಳಿಗೂ ಕಿವಿಮಣಿ.

ಒಂದು ಬೆಳಿಗ್ಗೆ ನಳದ ಹತ್ತಿರ ಹಾಲವ್ವ ಶಾಕಾಳ ಕಡೆ ತಿರುಗಿ ಏನೋ ಹೇಳಿದಳು. ಬಾಯಿ ಆಡಿತು, ದನಿ ಬರಲಿಲ್ಲ. ಕೊಡ ತುಂಬುವ ಸದ್ದು ಕೇಳುತ್ತಿದೆ, ಹಿಂದಿನವರ ಜಗಳ ಕೇಳುತ್ತಿದೆ, ಹಾಲವ್ವ ಮಾತ್ರ ಗಾಜಿನ ಆಚೆ ನಿಂತವಳ ಹಾಗೆ. ಮಣಿಗೆ ಧೂಳು ಹಿಡಿದಿರಬೇಕೆಂದುಕೊಂಡು ಶಾಕಾ ನಕ್ಕು ತಲೆಯಾಡಿಸಿ ಕೊಡ ಎತ್ತಿಕೊಂಡಳು. ಹಾಲವ್ವ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದಳು.

ಮಾರನೆಯ ದಿನ ಹನ್ನೊಂದು ಗಂಟೆಯ ಹೊತ್ತು. ಅಜ್ಜಿ ಗೋಡೆ ಹಿಡಿದುಕೊಂಡು ಒಳಕೋಣೆಗೆ ಬಂದು ಶಾಕಾಳ ಭುಜ ಅಲುಗಾಡಿಸಿದಳು.

"ಏ ಹುಡುಗಿ, ಹಾಲವ್ವ ಅಷ್ಟು ಒದರಾಕತ್ತಾಳ, ಓಣಿಯಾಗ ಯಾರಿಗೂ ಕೇಳಸವಲ್ದೇನ?"

"ಎಲ್ಲಿ? ನನಗೇನೂ ಕೇಳವಲ್ದು."

"ಕೊಳ್ಳಾಗಿನ ನರಾ ಹರಕೊಂಡು ಒದರಾಕತ್ತಾಳ. ಓಡು!"

ಶಾಕಾ ಓಡಿದಳು. ಮಗ್ಗದ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಮಗ್ಗವೊಂದೇ. ಸುನಂದಾಳ ಓಢಣಿ ಮೋಟಾರಿನ ಪಟ್ಟಾದೊಳಗೆ ಸಿಕ್ಕಿತ್ತು. ಬಿಡಿಸಲು ಹೋದ ಬಲಗೈಯನ್ನು ಪಟ್ಟಾ ಎಳೆದುಕೊಂಡಿತ್ತು. ಓಢಣಿ ಜಾರುವುದನ್ನು ತಾಯಿ ಮೂಲೆಯಿಂದ ಮೊದಲೇ ನೋಡಿದ್ದಳು, ಕೂಗಿದ್ದಳು, ಕೂಗುತ್ತಲೇ ಓಡಿ ಬಂದಿದ್ದಳು. ಮಗಳು ಹಾಡು ಗುನುಗುತ್ತ ಎಳೆ ಕಟ್ಟುತ್ತಿದ್ದಳು. ಈಗ ಹಾಲವ್ವ ಮಗಳನ್ನು ಪಟ್ಟಾದಿಂದ ಬಿಡಿಸಿ ತಬ್ಬಿಕೊಂಡು ಬಾಯಿ ತೆರೆದು ಅಳುತ್ತಿದ್ದಳು. ಸುತ್ತ ನೆರೆದವರಲ್ಲಿ ಮಣಿ ಹಾಕಿದವರಿಗೆ ಅದು ಮೂಕ ಚಿತ್ರ.

ಶಾಕಾ ಮಗ್ಗ ಆರಿಸಿ ಆಂಬುಲೆನ್ಸಿಗೆ ಫೋನು ಮಾಡಿದಳು. ಹಾಲವ್ವ ಅದಾಗಲೇ ಮೂರು ಸಲ ಮಾಡಿದ್ದಳಂತೆ. ಮೂರು ಸಲವೂ ಒಂದೇ ಉತ್ತರ ಬಂದಿತ್ತು: ಈ ದನಿ ನಿಮ್ಮದಲ್ಲ.

ಸುನಂದಾಳ ಮೂರು ಬೆರಳು ಹೋದವು.

ಆಸ್ಪತ್ರೆಯ ಬೆಂಚಿನ ಮೇಲೆ ಶಾಕಾ ಹಾಲವ್ವನ ಫೋನು ಇಸಿದುಕೊಂಡು ನೋಡಿದಳು. ಓದಲು ಬಾರದ ಹಾಲವ್ವ ತೆರೆಯದೇ ಬಿಟ್ಟ ಒಂದು ಪತ್ರ ಅದರಲ್ಲಿತ್ತು. ನಿಮ್ಮ ಕಂಠ ಕಂಪನಿಗೆ ಹಸ್ತಾಂತರವಾಗಿದೆ, ಧನ್ಯವಾದ. ಒಪ್ಪಿಗೆ ಪಡೆದ ಸ್ಥಳ: ಸೀರೆ ಉಟ್ಟ ಹುಲಿಯ ಕಥೆ. ಒಪ್ಪಿಗೆಯ ಪದ: ಹೂಂ.

*

"ಅದು ಒಪ್ಪಿಗಿ ಅಲ್ರೀ!" ಹುಬ್ಬಳ್ಳಿಯ ಆ ತಣ್ಣನೆಯ ಕೊಠಡಿಯಲ್ಲಿ ಶಾಕಾ ಕೂಗಿದಳು. "ಕಥಿ ಕೇಳೋರು ಹೂಂ ಅಂದ್ರ ಕೇಳಾಕತ್ತೀನಿ, ಮುಂದ ಹೇಳು ಅಂತ. ಹುಲಿ ಮನಷ್ಯಾರನ್ನ ತಿಂತು ಅಂದ್ರೂ ಹೂಂ ಅಂತಾರ. ಹಂಗಂದ್ರ ತಿನ್ನು ಅಂತೇನು? ನೀವು ಗದಗ ಕಡಿಯವರಾಗಿ ಇಷ್ಟು ತಿಳೀಲಿಲ್ಲೇನು?"

ಸಮರ್ಥ ಅವಳ ಅರ್ಜಿಯನ್ನು ತೆರೆಯ ಮೇಲೆ ತಂದು ತೋರಿಸಿದ. ಹೌದು, ಆತು, ಆಗಲಿ, ಸರಿ, ಅಡ್ಡಿಯಿಲ್ಲ, ಹೂಂ.

"ಮಷೀನಿಗೆ ಕಲಿಸಿದ್ದು ನೀವು ಬರದಿದ್ದನ್ನ ರೀ. ನಾನೂ ಓದಿ ಸೈ ಅಂದೆ. ನಮ್ಮವ್ವ ಹೊಂಬಳದಾಗ ದಿನಾ ಮಧ್ಯಾಹ್ನ ನಿಮ್ಮ ಕಥಿ ಕೇಳ್ತಾಳ. ಆಕಿ ಚುಕ್ಕಿನೂ ಐತಿ ಇದರಾಗ." ನಕಾಶೆಯ ಒಂದು ಮೂಲೆಯನ್ನು ಮುಟ್ಟಿದ. "ಒಪ್ಪಿದ ಮೂವತ್ತು ದಿನಕ್ಕ ಕಂಠ ಹೋಗ್ತೈತಿ. ಮುನ್ನೂರ ನಲವತ್ತು ಮಂದೀದು ಹೋಗೇತಿ. ಬರೂ ಶುಕ್ರವಾರದೊಳಗ ಉಳಿದ ಮೂರೂವರಿ ಸಾವಿರ ಮಂದೀದೂ ಹೋಗ್ತೈತಿ."

"ಎಲ್ಲಾರೂ ಒಲ್ಲೆ ಅಂದ್ರ?"

"ಹೂಂ ಅಂದ ಮ್ಯಾಲೆ ಒಲ್ಲೆ ಅನ್ನಾಕ ಬರೂದಿಲ್ಲ. ಕರಾರಿನ್ಯಾಗ ಹಂಗೈತಿ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಒಂದ ದಾರಿ ಐತ್ರಿ. ಮೋಸದಿಂದ ಒಪ್ಪಿಗಿ ತಗೊಂಡೇತಿ ಅಂತ ತಾಣದ ಒಡತಿ ತಾನ ಬರಕೊಟ್ರ ಎಲ್ಲಾ ರದ್ದಾಗ್ತೈತಿ. ಹೋದ ಕಂಠನೂ ತಿರುಗಿ ಬರ್ತಾವ."

"ಕೊಡ್ರಿ ಇಲ್ಲೆ, ಈಗ ಬರೀತೀನಿ."

"ತಡೀರಿ. ಮೋಸ ಆದ್ರ ಮೋಸ ಮಾಡಿದ ದನಿ ಯಾವುದಂತ ಹೇಳಬೇಕು. ಅದು ಮೋಸದ ದನಿಗಳ ಪಟ್ಟಿಗೆ ಹೋಗ್ತೈತಿ. ಯಾವ ಫೋನೂ, ಯಾವ ಕಿವಿಮಣಿನೂ ಆ ದನಿ ದಾಟಸೂದಿಲ್ಲ."

"ಹೋಗಲಿ. ನಿಮ್ಮ ಜಾಹೀರಾತಿನ ದನಿ ಹೋಗಲಿ."

"ಜಾಹೀರಾತಿಗೆ ದನಿ ಎಲ್ಲೈತ್ರಿ?" ಸಮರ್ಥ ಮೆಲ್ಲಗೆ ಹೇಳಿದ. "ಅದು ಬರೇ ಅಕ್ಷರ. ಮಂದಿ ಹೂಂ ಅಂದದ್ದು ನಿಮ್ಮ ಅಜ್ಜಿಗೆ."

ಶಾಕಾಳ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಮಣಿ ಬೆಚ್ಚಗಿತ್ತು.

"ಎಷ್ಟು ದಿನ ಇರ್ತೈತಿ ಆ ಪಟ್ಟಿಯೊಳಗ?"

"ಇನ್ನೂತನ ಒಂದು ದನಿನೂ ಹೊರಗ ಬಂದಿಲ್ರಿ."

*

ಅಜ್ಜಿ ಹೊರಸಿನ ಮೇಲೆ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದಳು. ಶಾಕಾ ಅವಳ ಕಾಲ ಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಕೊನೆಗೆ ಅಜ್ಜಿ ಕೇಳಿದ್ದು ಇಷ್ಟು:

"ಮೋಸಗಾತಿ ಅಂತ ಬರೀತಾರ ನನ್ನ?"

"ನಿನ್ನಲ್ಲ, ನಿನ್ನ ದನೀನ."

"ದನಿ ಬ್ಯಾರೆ, ನಾ ಬ್ಯಾರೆ ಏನು? ಎಂಬತ್ತು ವರ್ಷದಾಗ ಒಂದು ಮನಿ ಮುರಿದಿಲ್ಲ, ಒಂದು ಸುಳ್ಳು ಸಾಕ್ಷಿ ಹೇಳಿಲ್ಲ. ಹೇಳಿದ ಸುಳ್ಳೆಲ್ಲಾ ಹುಲಿದು, ನರೀದು." ಎಲೆ ಮಡಚುವ ಕೈ ನಿಂತಿತು. "ಸುನಂದಾನ ಯಾವ ಬಳ್ಳು ಹೋದ್ವು?"

"ಹೆಬ್ಬಳ್ಳು, ಅದರ ಬಾಜೂನ ಎರಡು."

"ಅಂದ್ರ ಎಳಿ ಹಿಡಿಯಾಕ ಬರೂದಿಲ್ಲ ಇನ್ನ." ಅಜ್ಜಿ ಮಂಜುಗಣ್ಣನ್ನು ಬಾಗಿಲ ಬೆಳಕಿನ ಕಡೆಗಿಟ್ಟಳು. "ಶುಕ್ರವಾರದೊಳಗ ಇಂಥಾವು ಇನ್ನೆಷ್ಟು ಮನಿ?"

"ಮೂರೂವರಿ ಸಾವಿರ."

"ಬರಿ."

"ಅಜ್ಜಿ, ಆಮ್ಯಾಲೆ ನೀ ಮಾತಾಡಿದ್ದು ನನಗ..."

"ಕಿವುಡಾದ್ಯಾ ಏನು ಈಗನ? ಬರಿ ಅಂದೆ." ಅಜ್ಜಿ ಮೊಮ್ಮಗಳ ತಲೆಗೊಂದು ಮೊಟಕಿದಳು. ಆ ಕೈ ಮೊಟಕಿದಲ್ಲಿಯೇ ಉಳಿಯಿತು. "ಎಂದ ಬಂದ್ ಆಗ್ತೈತಿ?"

"ವಾರದೊಳಗ ಯಾವಾಗರ. ಮುಂಚೆ ತಿಳಸೂದಿಲ್ಲ."

"ಹಂಗಾದ್ರ ಬೈಯೋದು ಭಾಳ ಉಳದೈತಿ, ಈಗಿಂದಾನ ಚಾಲೂ ಮಾಡ್ತೀನಿ."

ಮುಂದಿನ ನಾಲ್ಕು ದಿನ ಅಜ್ಜಿ ಎಡೆಬಿಡದೆ ಮಾತಾಡಿದಳು. ಯಾವ ಡಬ್ಬಿಯಲ್ಲಿ ಏನಿದೆ, ಮೆಂತ್ಯ ಹಿಟ್ಟಿಗೆ ಏನೇನು ಎಷ್ಟು, ಶಾಕಾಳ ತಾಯಿ ಹೇಗೆ ನಗುತ್ತಿದ್ದಳು, ಮದುವೆಯಾಗದೆ ಕೂತರೆ ಏನೇನಾಗುತ್ತದೆ. ಕಥೆ ಹೇಳೆಂದರೆ ಹೇಳಲಿಲ್ಲ. "ಕಥಿ ಎಲ್ಲಾ ನಿನ್ನ ತಲ್ಯಾಗ ಅದಾವ. ಇವು ಇಲ್ಲ." ಶಾಕಾ ತಾಣದ ಕಥೆಗಳನ್ನು ಉಳಿಸಿಕೊಳ್ಳಲು ನೋಡಿದಳು. ಆದರೆ ಹಿಡಿದಿಟ್ಟ ದನಿಯೂ ದನಿಯೇ, ಅದೂ ಮಣಿಯನ್ನು ದಾಟಿಯೇ ಬರಬೇಕು.

ಐದನೆಯ ದಿನ ಬೆಳಿಗ್ಗೆ ಶಾಕಾ ನಳದ ಬಳಿ ಕೊಡ ಇಡುತ್ತಿದ್ದಾಗ ಬೆನ್ನ ಹಿಂದೆ ಒಂದು ದನಿ ಬಂತು. ಒರಟು, ಒಡಕು ದನಿ.

"ಏ ಶಾಕಾ, ನಿನ್ನ ಕೊಡಾ ಸರಿಸಬೇ."

ಹಾಲವ್ವ! ಶಾಕಾ ಥಟ್ಟನೆ ತಿರುಗಿದಳು. ಆಮೇಲೆ ಹಾಲವ್ವ ತಿರುಗಿ ಮನೆಯ ಕಡೆ "ಸುನಂದಾ, ಏ ಸುನಂದಾ" ಎಂದು ಕೂಗುತ್ತ ಓಡಿದಳು. ಒಳಗಿನಿಂದ "ಏನಬೇ?" ಎಂದು ಮಗಳ ಉತ್ತರ ಬಂತು. ಹಾಲವ್ವ ಹೊಸ್ತಿಲಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಅಳು ಓಣಿಯ ತುಂಬ ಕೇಳಿಸಿತು.

ಶಾಕಾ ಅದನ್ನು ಹೇಳಲೆಂದು ಮನೆಗೆ ಓಡಿದಳು. ಅಜ್ಜಿ ಒಲೆಯ ಮುಂದೆ ಕೂತು, ಸದ್ದು ಕೇಳಿದ ಕಡೆ ಮುಖ ತಿರುಗಿಸಿ, ನಗುತ್ತ ಏನೋ ಹೇಳಿದಳು.

ಒಲೆಯ ಸದ್ದು ಬಂತು. ಬಳೆಯ ಸದ್ದು ಬಂತು. ಅಷ್ಟೇ.

"ಹೌದಜ್ಜಿ, ಹಾಲವ್ವನ ದನಿ ಬಂತು," ಎಂದಳು ಶಾಕಾ. ಅಜ್ಜಿ ಕೇಳಿದ್ದು ಅದನ್ನೇ ಇರಬೇಕು ಎಂದು ಊಹೆ. ಊಹೆ ಸರಿಯಿತ್ತು, ಅಜ್ಜಿ ತಲೆಯಾಡಿಸಿದಳು. ನಿನ್ನ ದನಿ ನನಗೆ ನಿಂತಿತು ಎಂದು ಆ ಕ್ಷಣ ಹೇಳಿಬಿಡಬಹುದಿತ್ತು. ಇವತ್ತೊಂದು ದಿನ ಇರಲಿ ಎಂದುಕೊಂಡಳು ಶಾಕಾ. ಬೆಳಗಿನ ತುಂಬ ಅಜ್ಜಿಯ ಕೈ ಯಾವ ಕಡೆ ಚಾಚಿತು, ಹುಬ್ಬು ಎಷ್ಟು ಏರಿತು ನೋಡಿಕೊಂಡು ಉಪ್ಪು ಕೊಟ್ಟಳು, ನೀರು ಕೊಟ್ಟಳು, ಉತ್ತರ ಕೊಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಹೊರಸಿನ ಮೇಲೆ ಕಾಲು ಚಾಚಿ, ಪಕ್ಕದ ಜಾಗವನ್ನು ತಟ್ಟಿ ಕರೆದಳು. ಶಾಕಾ ಕೂತಳು. ಅಜ್ಜಿಯ ತುಟಿ ಆಡತೊಡಗಿದವು. ಬೆರಳು ಗಾಳಿಯಲ್ಲಿ ನೆರಿಗೆ ಹಿಡಿಯಿತು, ಸೊಂಟಕ್ಕೆ ಸಿಕ್ಕಿಸಿತು. ಇಷ್ಟು ದಿನ ಒಲ್ಲೆನೆಂದವಳು ಇವತ್ತು ತಾನಾಗಿ ಹುಲಿಯ ಕಥೆ ಹಿಡಿದಿದ್ದಳು.

ತುಟಿ ನಿಂತವು. ಶಾಕಾ ಹೂಂ ಅಂದಳು. ಕಥೆ ಮುಂದೆ ಹೋಯಿತು. ಮತ್ತೆ ನಿಂತವು, ಮತ್ತೆ ಅಂದಳು. ಎಲ್ಲಿ ನಿಲ್ಲುತ್ತದೆಂದು ಅವಳಿಗೆ ಬಾಯಿಪಾಠವಿತ್ತು. ಹುಲಿ ಸಂತೆಗೆ ಹೋಯಿತು, ಹೂಂ. ಬಳೆಗಾರನ ಮುಂದೆ ಕೂತಿತು, ಹೂಂ. ಪಂಜಾ ಮುಂದೆ ಚಾಚಿತು, ಹೂಂ.

ಅಲ್ಲಿ, ನಿಲ್ಲಬಾರದ ಜಾಗದಲ್ಲಿ, ಅಜ್ಜಿ ನಿಂತಳು. ಮುಖವನ್ನು ಪೂರ್ತಿ ಶಾಕಾಳ ಕಡೆ ತಿರುಗಿಸಿದಳು. ನಗು ಹೋಗಿತ್ತು. ತುಟಿ ಸಣ್ಣಗೆ ಆಡಿದವು, ನಾಲ್ಕೈದು ಮಾತು ಇರಬೇಕು, ಕಥೆಯಲ್ಲಿ ಇಲ್ಲದ ಮಾತು.

"ಹೂಂ," ಎಂದಳು ಶಾಕಾ.

ಅಜ್ಜಿ ಅಲುಗಾಡಲಿಲ್ಲ. ತುಟಿ ಇನ್ನೊಮ್ಮೆ ಆಡಿದವು. ಅವೇ ನಾಲ್ಕೈದು ಮಾತು, ಇನ್ನೂ ನಿಧಾನವಾಗಿ.

"ಹೂಂ, ಅಜ್ಜಿ," ಎಂದಳು ಶಾಕಾ, ತುಸು ಜೋರಾಗಿ.

ಅಜ್ಜಿಯ ಕೈ ತಡಕುತ್ತ ಬಂದು ಅವಳ ಕೆನ್ನೆಯನ್ನು ಮುಟ್ಟಿತು, ಕಿವಿಯ ಹಿಂದೆ ಸರಿದು ಮಣಿಯ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಹೂಂ ಉತ್ತರವಾಗದಂಥ ಏನನ್ನು ಅಜ್ಜಿ ಕೇಳಿದಳೆಂದು ಶಾಕಾ ಆಮೇಲೆ ಎಷ್ಟು ಸಲ ಗೋಗರೆದರೂ ಆ ಬಾಯಿಂದ ತಿಳಿಯುವ ದಾರಿ ಇರಲಿಲ್ಲ. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡಳು, ಸೆರಗು ಸರಿಮಾಡಿಕೊಂಡಳು, ಗೋಡೆಯ ಕಡೆ ಹೊರಳಿ ಮಲಗಿದಳು.